ಎಡಗೈ ಎಳೆದ ಹಗ್ಗ

ಸುರೇಬಾನ
೧೨ ನವೆಂಬರ್ ೧೯೧೧

ಅಣ್ಣ ಮಲಕಾಜಪ್ಪನಿಗೆ ಇಂದ್ರವ್ವನ ನಮಸ್ಕಾರ.

ಅಕ್ಷರ ನೋಡಿ ನಗಬೇಡ, ಎಡಗೈಯಲ್ಲಿ ಬರೆದಿದ್ದೇನೆ. ಸಾಲಿಯಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಮಾಸ್ತರರು ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಈಗ ಆ ಕೈಯೇ ಗತಿ.

ಕಾರಹುಣ್ಣಿವೆಯ ಹೊತ್ತಿಗೆ ನಾನು ಮೇವು ಹಿರಿಯಲು ಹೋಗಿ ಬಣವೆಯಿಂದ ಬಿದ್ದದ್ದು ನಿನಗೆ ತಿಳಿದಿದೆ. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಬಲಗೈ ಬಿಗಿದು ಹೋದ. ಬಿಚ್ಚುವ ದಿನ ಬಂದಾಗ ಅತ್ತೆ, "ಇನ್ನಷ್ಟು ದಿನ ಇರಲಿ, ಗಟ್ಟಿ ಆಗತೈತಿ" ಎಂದರು. ದಸರೆ ಕಳೆದ ಮೇಲೆ ಬಿಚ್ಚಿದರು. ಎಲುಬೇನೋ ಗಟ್ಟಿಯಾಗಿದೆ, ಅದರ ಜೊತೆಗೆ ಕೀಲೂ ಗಟ್ಟಿಯಾಗಿದೆ. ತೋಳು ಹೆಗಲಿನ ಮಟ್ಟಕ್ಕೂ ಏಳುವುದಿಲ್ಲ. ಮೊಣಕೈ ಮಡಚಿದ್ದು ಮಡಚಿದ ಹಾಗೇ ಇದೆ.

ರೊಟ್ಟಿ ಬಡಿಯಲು ಬರುತ್ತಿಲ್ಲ. ಒಂದು ಕೈ ಬಡಿಯಬೇಕು, ಇನ್ನೊಂದು ತಿರುಗಿಸಬೇಕು. ಒಂದೇ ಕೈಯಲ್ಲಿ ಬಡಿದರೆ ಹಿಟ್ಟು ಒಂದು ಕಡೆಗೇ ಓಡುತ್ತದೆ, ಅಂಚು ಸೀಳುತ್ತದೆ. ಈಗ ಅತ್ತೆಯೇ ಬಡಿಯುತ್ತಾರೆ.

ನೀನು ಪೈಲ್ವಾನರ ಕೀಲು ತಿಕ್ಕಿ ಸರಿಮಾಡುವವನು. ಬೈಲಹೊಂಗಲದ ತಾಲೀಮಿನ ಗರಡಿಯಲ್ಲಿ ನಿನ್ನ ಮಾಲೀಸಿಗೆ ಎಷ್ಟೋ ಊರಿನವರು ಬರುತ್ತಾರಂತೆ. ಒಂದು ಸಲ ಇಲ್ಲಿಗೆ ಬಾ. ಸಂಕ್ರಾಂತಿಯೊಳಗೆ ಬಂದರೆ ಒಳ್ಳೆಯದು.

ಮಿಕ್ಕಂತೆ ಇಲ್ಲಿ ಎಲ್ಲ ಚೆನ್ನಾಗಿದೆ. ಅತ್ತೆ ಬೀರವ್ವನವರು ನಿನ್ನೆ ರಾಮದುರ್ಗಕ್ಕೆ ನೆಂಟರ ಮನೆಗೆ ಹೋಗಿದ್ದಾರೆ.

ಇಂದ್ರವ್ವ

*

ಬೈಲಹೊಂಗಲ
೨೫ ನವೆಂಬರ್ ೧೯೧೧

ತಂಗಿ ಇಂದ್ರವ್ವನಿಗೆ ಮಲಕಾಜಪ್ಪನ ಆಶೀರ್ವಾದ.

ನಿನ್ನ ಪತ್ರ ಓದಿ ಜೀವ ಮರುಗಿತು. ಆದರೆ ಬಂದು ನಾನೇನು ಮಾಡಲಿ? ಹನುಮಪ್ಪನ ಮುಂದೆ ತಾಲೀಮಿನ ಮಣ್ಣು ಮುಟ್ಟಿ ಆಣೆ ಮಾಡಿದವನು ನಾನು. ಈ ಕೈ ಹೆಣ್ಣಿನ ಮೈ ಮುಟ್ಟುವಂತಿಲ್ಲ. ತಾಯಿಯಾಗಲಿ ತಂಗಿಯಾಗಲಿ, ಕುಸ್ತಿ ಕಲಿಸುವ ನಮ್ಮ ವಸ್ತಾದರ ಕಟ್ಟಳೆಯಲ್ಲಿ ಭೇದವಿಲ್ಲ. ಅವ್ವನ ಕಡೆಗಾಲದಲ್ಲಿ ಕಾಲು ಒತ್ತಲೂ ನನಗೆ ಆಗಲಿಲ್ಲ, ನೀನೇ ಒತ್ತಿದೆ.

ಕೈ ಬಾರದಿದ್ದರೂ ಬುದ್ಧಿ ಬರಬಹುದಲ್ಲ. ಹಿಡಿದ ಕೀಲಿಗೆ ಭಾರವೇ ಮದ್ದು, ಇದು ತಾಲೀಮಿನ ಮಾತು. ಇಲ್ಲಿಂದ ಹತ್ತಿ ಗಾಡಿ ಹೊಡೆಯುವ ಶಂಕ್ರೆಪ್ಪನ ಕೈಯಲ್ಲಿ ಬಾವಿಯ ರಾಟೆಯೊಂದನ್ನು ಕಳಿಸಿದ್ದೇನೆ. ಅದನ್ನು ಮನೆಯ ಜಂತಿಗೆ ತೂಗುಹಾಕು. ರಾಟೆಯ ಮೇಲೆ ಹಗ್ಗ ಹಾಯಿಸಿ ಒಂದು ತುದಿಯನ್ನು ಬಲಗೈ ಮಣಿಕಟ್ಟಿಗೆ ಕಟ್ಟಿಕೋ, ಇನ್ನೊಂದು ತುದಿಗೆ ಕಲ್ಲು ಕಟ್ಟು. ಕಲ್ಲು ಕೆಳಗೆ ಇಳಿದಂತೆ ಕೈ ಮೇಲೆ ಏಳುತ್ತದೆ. ನೋವಾದರೆ ಹಲ್ಲು ಕಚ್ಚು. ನೋವಿಲ್ಲದೆ ಕೀಲು ಬಿಡುವುದಿಲ್ಲ.

ಇದು ನನ್ನದೇ ಹೊಸ ಯೋಚನೆ. ಯಾವ ತಾಲೀಮಿನಲ್ಲೂ ಇಲ್ಲ. ವಸ್ತಾದರಿಗೂ ಇನ್ನೂ ಹೇಳಿಲ್ಲ.

ಮಲಕಾಜಪ್ಪ

*

ಸುರೇಬಾನ
೧೦ ಡಿಸೆಂಬರ್ ೧೯೧೧

ಅಣ್ಣಾ,

ರಾಟೆ ಮುಟ್ಟಿತು. ಪತ್ರವೂ ಮುಟ್ಟಿತು.

ಪತ್ರವನ್ನು ಮಡಚಿ ಇಟ್ಟೆ, ಮತ್ತೆ ತೆಗೆದು ಓದಿದೆ. ಯಾರ್ಯಾರದೋ ತೊಡೆ, ಬೆನ್ನು, ಬೊಜ್ಜು ಹೊಟ್ಟೆ ತಿಕ್ಕುವ ಕೈ ತಂಗಿಯ ಮೊಣಕೈಗೆ ಬಂದರೆ ಮೈಲಿಗೆಯಾಗುತ್ತದೆಯೇ? ಹನುಮಪ್ಪ ಹಾಗೆ ಹೇಳಿದನೋ, ವಸ್ತಾದರು ಹೇಳಿದರೋ? ನಿನ್ನನ್ನು ಸಣ್ಣವನಿದ್ದಾಗ ಸೊಂಟದ ಮೇಲೆ ಹೊತ್ತು ತಿರುಗಿದವರು ಅವ್ವ, ಹಿರಿಯ ಅತ್ತಿ, ಕೇರಿಯ ಹೆಂಗಸರು. ಅವರೆಲ್ಲ ಮುಟ್ಟಿದ ಮೈಯೇ ಅಲ್ಲವೇ ನಿನ್ನದು?

ಇರಲಿ. ಆಣೆ ಮಾಡಿದ್ದೀಯ, ಉಳಿಸಿಕೋ. ಹಗ್ಗ ಕಟ್ಟುತ್ತೇನೆ. ಮನೆಯವರೆಲ್ಲ ಹೊಲಕ್ಕೆ ಹೋದಾಗ ಕಟ್ಟಬೇಕು, ಇಲ್ಲದಿದ್ದರೆ ಕೆಲಸದ ನಡುವೆ ಬಿಡುವಿಲ್ಲ.

ಇಂದ್ರವ್ವ

*

ಕಿತ್ತೂರು
೩೦ ಡಿಸೆಂಬರ್ ೧೯೧೧

ತಂಗಿಗೆ ಆಶೀರ್ವಾದ.

ಇಲ್ಲಿ ಕುಸ್ತಿಗೆ ಬಂದಿದ್ದೇನೆ. ನಮ್ಮ ತಾಲೀಮಿನ ಹುಡುಗರನ್ನು ಕಣಕ್ಕೆ ಇಳಿಸುವ ಮೊದಲು ಎಣ್ಣೆ ತಿಕ್ಕುವವನು ನಾನೇ. ಕೋಟೆಯ ಹತ್ತಿರದ ಬಯಲಿನಲ್ಲಿ ಜನವೋ ಜನ.

ಹಗ್ಗ ಕಟ್ಟುತ್ತೇನೆ ಎಂದು ಬರೆದ ಮೇಲೆ ನಿನ್ನಿಂದ ಬೇರೆ ಪತ್ರ ಬಂದಿಲ್ಲ. ಅಂದರೆ ಕೈ ಹದಕ್ಕೆ ಬರುತ್ತಿದೆ ಎಂದು ತಿಳಿದಿದ್ದೇನೆ. ಗುಣವಾಗುತ್ತಿರುವವನು ಮಾಲೀಸಿನವನನ್ನು ನೆನೆಯುವುದಿಲ್ಲ, ಇದೂ ತಾಲೀಮಿನ ಮಾತೇ. ಕೀಲು ಸ್ವಲ್ಪ ಬಿಟ್ಟಿದ್ದರೆ ಇನ್ನು ದೊಡ್ಡ ಕಲ್ಲು ಕಟ್ಟು. ಸಂಕೋಚ ಮಾಡಬೇಡ.

ಅದು ನೀನು ಸಿಟ್ಟಿನಲ್ಲಿ ಬರೆದ ಪತ್ರ. ಅದೂ ಒಳ್ಳೆಯದೇ, ಸಿಟ್ಟಿದ್ದವರು ಬೇಗ ಏಳುತ್ತಾರೆ.

ಮಲಕಾಜಪ್ಪ

*

ಬೈಲಹೊಂಗಲ
೧೮ ಜನವರಿ ೧೯೧೨

ಇಂದ್ರವ್ವಾ,

ಶಂಕ್ರೆಪ್ಪ ಇವತ್ತು ಗಾಡಿ ಬಿಚ್ಚುವ ಮೊದಲೇ ನನ್ನ ಹತ್ತಿರ ಓಡಿಬಂದ. "ನಿನ್ನ ತಂಗಿ ಜಂತಿಗೆ ಹಗ್ಗ ಹಾಕಿದ್ಲಂತೋ, ಮಂದಿ ಕೂಡಿ ಬಿಡಿಸಿದ್ರಂತ" ಎಂದ. ಮುಂದಿನದು ಅವನಿಗೆ ಗೊತ್ತಿಲ್ಲ. ಊರ ಅಗಸಿ ಬಾಗಿಲಲ್ಲಿ ಕೇಳಿದ್ದಷ್ಟೇ ಅವನ ಮಾತು.

ಏನಾಗಿದೆ? ಯಾರು ಏನಂದರು? ನಾನು ಬರುವವನಿದ್ದೆ, ಆದರೆ ವಸ್ತಾದರು ಜ್ವರದಲ್ಲಿ ಮಲಗಿದ್ದಾರೆ, ಹಗಲೂ ರಾತ್ರಿ ನಾನೇ ನೋಡಬೇಕು. ಎರಡು ಅಕ್ಷರ ಬರೆದು ಹಾಕು. ಇದ್ದೇನೆ ಎಂದು ಬರೆದರೆ ಸಾಕು.

ಮಲಕಾಜಪ್ಪ

*

ಸುರೇಬಾನ
೨೯ ಜನವರಿ ೧೯೧೨

ಅಣ್ಣಾ,

ಇದ್ದೇನೆ.

ಈ ಪತ್ರವನ್ನು ಪಕ್ಕದ ಮನೆಯ ಕಾಡವ್ವ ರಾಮದುರ್ಗದ ಟಪಾಲಿಗೆ ಹಾಕುತ್ತಾಳೆ. ಮನೆಗೆ ಬಂದ ಪತ್ರ ಮೊದಲು ಅವರ ಕೈಗೇ ಹೋಗುತ್ತದೆ. ಅವರು ಎಂದರೆ ನನ್ನ ಗಂಡ ಬಸವಣ್ಣೆಪ್ಪ. ಓದಲು ಬರುವುದಿಲ್ಲ, ಆದರೂ ತಿರುಗಿಸಿ ನೋಡಿಯೇ ಕೊಡುತ್ತಾರೆ.

ಹಗ್ಗವನ್ನು ಜಂತಿಗೆ ಕಟ್ಟು ಎಂದು ಬರೆದೆಯಲ್ಲ, ಮನೆಯ ಜಂತಿಗೆ ಹೆಂಗಸು ಹಗ್ಗ ಕಟ್ಟಿದರೆ ನೋಡಿದವರು ಏನು ತಿಳಿಯುತ್ತಾರೆ ಎಂದು ನಿನಗೆ ಹೊಳೆಯಲೇ ಇಲ್ಲ. ನಿನ್ನ ತಾಲೀಮಿನಲ್ಲಿ ಜಂತಿಗೆ ಹಗ್ಗ ಇದ್ದೇ ಇರುತ್ತದೆ, ಗಂಡಸರು ಅದನ್ನು ಹತ್ತುತ್ತಾರೆ, ಇಳಿಯುತ್ತಾರೆ. ಹೆಂಗಸರಿಗೆ ಜಂತಿಯ ಹಗ್ಗ ಒಂದೇ ಕೆಲಸಕ್ಕೆ. ನನಗಾದರೂ ಹೊಳೆಯಬೇಕಿತ್ತು. ಕೈಯ ಚಿಂತೆಯಲ್ಲಿ ನನಗೂ ಹೊಳೆಯಲಿಲ್ಲ.

ಅತ್ತೆ ಹೊಲದಿಂದ ಬೇಗ ಬಂದುಬಿಟ್ಟರು. ಹಗ್ಗಕ್ಕೆ ಮಣಿಕಟ್ಟು ಎಟುಕಲಿ ಎಂದು ನಾನು ಮಣೆಯ ಮೇಲೆ ನಿಂತಿದ್ದೆ. ನಿನ್ನ ಕಲ್ಲು ಎಳೆದ ನೋವಿಗೆ ಕಣ್ಣು ತುಂಬಿತ್ತು. ಅತ್ತೆ ಬಾಗಿಲಲ್ಲೇ ಕುಸಿದು ಬಾಯಿ ಬಡಿದುಕೊಂಡರು. "ಬರ್ರೆಪಾ ಬರ್ರಿ, ನಮ್ಮ ಮನಿತನಕ್ಕ ಬೆಂಕಿ ಹಚ್ಚಾಕ ಹತ್ತ್ಯಾಳ." ಓಣಿಯೇ ಒಳಗೆ ಬಂತು. ಊರ ಹಿರಿಯ ಶಟ್ಟೆಪ್ಪಜ್ಜನೂ ಬಂದ.

"ಏನವಾ ಇದು, ಕೊರಳಿಗೆ ಹಗ್ಗ?"

"ಕೊರಳಿಗಲ್ಲ ಯಜ್ಜಾ, ಕೈಗೆ."

"ಕೈಗೆ ಯಾರರೆ ಉರುಲ ಹಾಕ್ಕೋತಾರೇನವಾ?" ಎಂದು ಯಾರೋ ಹಿಂದಿನಿಂದ ಅಂದರು. ಕೆಲವರು ನಕ್ಕರು.

ಗಂಡ ನನ್ನ ಮುಖ ನೋಡಲಿಲ್ಲ. ಶಟ್ಟೆಪ್ಪಜ್ಜನಿಗೆ ಹೇಳಿದರು: "ಅದಕ್ಕ ನಾ ಅಂದದ್ದ್ರಿ, ರಾಮದುರ್ಗದ ಮಾತ ಲಗೂನ ಮುಗಸೂನು ಅಂತ."

ರಾಮದುರ್ಗದ ಮಾತು ಏನೆಂದು ನಿನಗೆ ಬರೆದಿರಲಿಲ್ಲ. ನನ್ನ ಕೈ ಬಿಚ್ಚಿದ ತಿಂಗಳೊಳಗೇ ಅತ್ತೆ ಅಲ್ಲಿ ಅವರಿಗೆ ಇನ್ನೊಂದು ಹೆಣ್ಣು ನೋಡಿದ್ದಾರೆ. ರೊಟ್ಟಿ ಬಡಿಯಲು ಬಾರದ ಸೊಸೆ ಮನೆಗೆ ಯಾತಕ್ಕೆ ಎಂದು ಎಲ್ಲರಿಗೂ ಹೇಳಿದ್ದಾರೆ. ಸಂಕ್ರಾಂತಿಯೊಳಗೆ ಬಾ ಎಂದು ನಾನು ಕರೆದದ್ದು ಅದಕ್ಕೇ. ಎತ್ತಿಗೆ ಕಾಲು ಊನವಾದರೆ ಸಂತೆಗೆ ಹೊಡೆಯುವ ಮೊದಲು ಒಂದು ವರ್ಷ ಕಾಯುತ್ತಾರೆ. ನನಗೆ ಅಷ್ಟೂ ಇಲ್ಲ.

ಶಟ್ಟೆಪ್ಪಜ್ಜ ತೀರ್ಮಾನ ಕೊಟ್ಟ: "ಹಗ್ಗ ಕಟ್ಟೂದಾದ್ರ ಬಯಲಾಗ ಕಟ್ಟು, ನಾಕ ಮಂದಿ ಕಣ್ಣ ಮುಂದ." ನಾಚಿಕೆಯಾಗಿ ಬಿಟ್ಟುಬಿಡುತ್ತೇನೆ ಎಂದು ಅವನ ಲೆಕ್ಕ. ನಾನು ಅದೇ ಹೊತ್ತಿಗೆ ರಾಟೆಯನ್ನು ಬಿಚ್ಚಿಸಿ ಅಂಗಳದ ಬೇವಿನ ಟೊಂಗೆಗೆ ಕಟ್ಟಿಸಿದೆ. ಕಾಡವ್ವ ಓಣಿಯ ಹುಡುಗನೊಬ್ಬನನ್ನು ಹತ್ತಿಸಿ ಕಟ್ಟಿಸಿದಳು.

ಕಲ್ಲನ್ನು ಅತ್ತೆ ಒಯ್ದು ಬಾವಿಗೆ ಹಾಕಿದ್ದರು. ಎಳೆಯಲು ಏನೂ ಇರಲಿಲ್ಲ. ಹಗ್ಗದ ಇನ್ನೊಂದು ತುದಿ ಸುಮ್ಮನೆ ಜೋತಾಡುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದೆ. ಕೆಳಗೆ ಎಳೆದೆ, ಬಲಗೈ ಮೇಲೆದ್ದಿತು. ನೋವು ಶುರುವಾಗುವ ಜಾಗದಲ್ಲಿ ಎಡಗೈ ತಾನೇ ನಿಂತಿತು. ಸ್ವಲ್ಪ ತಡೆದು, ಉಸಿರು ಬಿಟ್ಟು, ಮತ್ತೆ ಒಂದು ಕೂದಲೆಳೆಯಷ್ಟು ಎಳೆಯಿತು.

ನಿನ್ನ ಕಲ್ಲಿನಿಂದ ನನ್ನ ತೋಳು ಕುಂಬಳಕಾಯಿಯಷ್ಟು ಊದಿಕೊಂಡಿತ್ತು, ಅದನ್ನೂ ನಿನಗೆ ಬರೆದಿರಲಿಲ್ಲ. ನೋವು ಎಲ್ಲಿ ಹುಟ್ಟುತ್ತದೆ ಎಂದು ಕಲ್ಲಿಗೆ ಏನು ಗೊತ್ತು? ಎಡಗೈಗೆ ಗೊತ್ತು, ಅದೂ ನನ್ನದೇ ಕೈ. ಈಗ ಊತ ಇಳಿದಿದೆ. ಬಲಗೈ ಹೆಗಲಿನ ಮಟ್ಟಕ್ಕೆ ಬಂದಿದೆ.

ಕಾಡವ್ವನಿಗೆ ಎಷ್ಟೋ ವರ್ಷದಿಂದ ಭುಜ ಹಿಡಿದಿದೆ, ತಲೆ ಬಾಚಲೂ ಬರುವುದಿಲ್ಲ. ನಿನ್ನೆ ಬಂದು, "ಇಂದ್ರವ್ವಾ, ನನ್ನೂ ಒಂದೀಟ ಜೋತ ಹಾಕ. ಟೊಂಗಿ ಮುರೀತೈತೋ ನಾ ಮುರೀತೇನೋ ನೋಡೂನು" ಅಂದಳು. ಟೊಂಗೆ ಮುರಿಯಲಿಲ್ಲ. ಅವಳ ದೇಹ ನೀನು ನೋಡಿಲ್ಲ, ಆದ್ದರಿಂದ ಟೊಂಗೆಯ ದೊಡ್ಡತನ ನಿನಗೆ ತಿಳಿಯದು.

ಇಂದ್ರವ್ವ

*

ಸವದತ್ತಿ
೨೦ ಫೆಬ್ರವರಿ ೧೯೧೨

ತಂಗಿ ಇಂದ್ರವ್ವನಿಗೆ,

ನಿನ್ನ ಪತ್ರ ಓದಿ ಮೈ ಉರಿಯಿತು. ಮೊದಲೇ ಏಕೆ ಬರೆಯಲಿಲ್ಲ? ಬಸವಣ್ಣೆಪ್ಪನಿಗೆ ನಾಚಿಕೆ ಬೇಡವೇ? ಅವನ ಮನೆಯ ಮೇವು ಹಿರಿಯಲು ಹೋಗಿ ಬಿದ್ದ ಕೈ ಅದು. ಅವರದೇ ಕೆಲಸದಲ್ಲಿ ಮುರಿದದ್ದನ್ನು ಅವರೇ ಕುಂದು ಎಂದು ಎಣಿಸುವುದು ಯಾವ ದೇಶದ ನ್ಯಾಯ? ಕುಸ್ತಿಯ ಕಣವಾಗಿದ್ದರೆ ಅವನಿಗೆ ತೋರಿಸುತ್ತಿದ್ದೆ.

ಈಗ ಒಂದು ಒಳ್ಳೆಯ ಸುದ್ದಿ. ಸವದತ್ತಿಯಲ್ಲಿ ನಿಜಗುಣಪ್ಪ ಎಂಬ ದೊಡ್ಡ ವ್ಯಾಪಾರಸ್ಥರಿದ್ದಾರೆ. ಕುದುರೆಯಿಂದ ಬಿದ್ದ ಮೇಲೆ ಅವರ ಭುಜ ಹಿಡಿದುಹೋಗಿತ್ತು. ನಾನು ತಿಂಗಳುಗಟ್ಟಲೆ ತಿಕ್ಕಿದರೂ ಬಗ್ಗಿರಲಿಲ್ಲ. ಅವರ ಅಂಗಡಿಯ ತೊಲೆಗೆ ರಾಟೆ ಕಟ್ಟಿದೆ. ಹಗ್ಗದ ಎರಡೂ ತುದಿಗೆ ಕಡಗೋಲಿನ ಹಾಗೆ ತಿರುವಿದ ಹಿಡಿಕೆ ಹಾಕಿಸಿದೆ, ಕೆಳಗೆ ಬೆನ್ನಾನಿಕೆಯ ಪೀಠ ಇರಿಸಿದೆ. ಒಳ್ಳೆಯ ಕೈ ಎಳೆಯಬೇಕು, ಕೆಟ್ಟ ಕೈ ಏಳಬೇಕು. ಈಗ ಅವರು ತಮ್ಮ ರುಮಾಲನ್ನು ತಾವೇ ಸುತ್ತಿಕೊಳ್ಳುತ್ತಾರೆ. ತಾಲೀಮಿನ ಹುಡುಗರು "ಪೈಲ್ವಾನನ ಕೈಯಾಗ ಹೆಂಗಸರ ರಾಟಿ" ಎಂದು ನಗುತ್ತಿದ್ದರು. ಈಗ ಅವರೇ ಸಾಲಾಗಿ ಕುಳಿತಿದ್ದಾರೆ.

ನೀನು ಕಲ್ಲು ಬಿಟ್ಟದ್ದು ಒಳ್ಳೆಯದಾಯಿತು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಕೈ ಪೂರ್ತಿ ಬಂದ ಕೂಡಲೇ ಮನೆಯವರಿಗೆ ತೋರಿಸು. ರಾಮದುರ್ಗದ ಮಾತು ಅಲ್ಲಿಗೆ ನಿಲ್ಲುತ್ತದೆ.

ಮಲಕಾಜಪ್ಪ

*

ಸುರೇಬಾನ
೮ ಮಾರ್ಚ್ ೧೯೧೨

ಮಲಕಾಜಪ್ಪನಿಗೆ,

ಶಂಕ್ರೆಪ್ಪ ಸವದತ್ತಿಯಿಂದ ಬಂದ. ಎತ್ತಿಗೆ ನೀರು ಕುಡಿಸುತ್ತ ಹೇಳಿದ: "ನಿಮ್ಮಣ್ಣಗ ಜರಿ ರುಮಾಲ ಸುತ್ತಿದ್ರವಾ, ಹಲಗಿ ಬಾರಿಸಿದ್ರು. ಹೊಸಾ ಯಂತ್ರ ಕಂಡಹಿಡದಾನ ಅಂತ ಬಜಾರ ತುಂಬ ಅದ ಮಾತ. ರುಮಾಲ ಅಷ್ಟ ಕಾಣತಿತ್ತು, ತಲಿ ಕಾಣಲಿಲ್ಲ."

ನೀನು ಬರೆದ ಪತ್ರದಲ್ಲಿ ನಿಜಗುಣಪ್ಪನವರ ರುಮಾಲಿತ್ತು, ನಿನ್ನ ರುಮಾಲು ಇರಲಿಲ್ಲ.

"ನಾನೂ ಅದನ್ನೇ ಯೋಚಿಸುತ್ತಿದ್ದೆ." ಯಾವಾಗ ಯೋಚಿಸಿದೆ, ಹೇಳು. ಇನ್ನು ದೊಡ್ಡ ಕಲ್ಲು ಕಟ್ಟು ಎಂದು ಕಿತ್ತೂರಿನಿಂದ ಬರೆದಾಗಲೋ? ರಾಟೆ ನಿನ್ನದು, ಒಪ್ಪುತ್ತೇನೆ. ಹಿಡಿಕೆ ನಿನ್ನದು, ಪೀಠ ನಿನ್ನದು, ಅದು ನನಗೆ ತೋಚಿರಲಿಲ್ಲ, ಚೆನ್ನಾಗಿದೆ. ಆದರೆ ಎಳೆಯುವ ಕೈ ನನ್ನದು. ಓಣಿಯ ಮುಂದೆ ಬೇವಿನ ಗಿಡದಡಿ ನಿಂತು, ಹೋಗುವವರು ಬರುವವರು "ಇಂದ್ರವ್ವ ಜೋತಾಡಾಕ ಹತ್ತ್ಯಾಳ" ಎಂದು ಆಡಿಕೊಳ್ಳುವಾಗ ಕಂಡುಕೊಂಡದ್ದು. ತಂಗಿಯ ಕೈ ಮುಟ್ಟಲು ಆಣೆ ಅಡ್ಡ ಬಂತು. ತಂಗಿಯ ಕೈಯಿಂದ ಬಂದದ್ದನ್ನು ತಲೆಗೆ ಸುತ್ತಿಕೊಳ್ಳಲು ಯಾವ ಆಣೆಯೂ ಅಡ್ಡ ಬರಲಿಲ್ಲ.

ನನ್ನ ಬಲಗೈ ಈಗ ಕಿವಿ ದಾಟಿ ತಲೆಯ ಮೇಲೆ ಹೋಗುತ್ತದೆ. ಮೊಣಕೈ ನೆಟ್ಟಗಾಗಿದೆ. ಈ ಪತ್ರ ಬರೆದದ್ದೂ ಬಲಗೈಯಲ್ಲೇ, ನೋಡಿದರೆ ತಿಳಿಯುತ್ತದೆ. ಮನೆಯಲ್ಲಿ ಹೇಳಿಲ್ಲ. ಕಾಡವ್ವನಿಗೆ ಮಾತ್ರ ಗೊತ್ತು. ಅವಳ ಮನೆಯಲ್ಲಿ ಕದ ಹಾಕಿಕೊಂಡು ರೊಟ್ಟಿ ಬಡಿದು ನೋಡಿದೆ, ಅಂಚು ಸೀಳಲಿಲ್ಲ.

ಏಕೆ ಹೇಳಿಲ್ಲ ಎಂದು ಕೇಳುತ್ತೀಯ. ಹೇಳಿದರೆ ಆಗುವುದು ನನಗೆ ಗೊತ್ತು. ರಾಮದುರ್ಗದ ಮಾತು ನಿಲ್ಲುತ್ತದೆ, ನಾನು ಒಲೆಯ ಮುಂದೆ ಕೂರುತ್ತೇನೆ. ಮುಂದೊಂದು ದಿನ ಕಾಲು ಉಳುಕಿದರೆ ಮತ್ತೆ ರಾಮದುರ್ಗ.

ಯುಗಾದಿ ಮುಗಿದ ಮೇಲೆ ಹಿರಿಯರು ಕೂಡುತ್ತಾರಂತೆ. ಅವರ ಮುಂದೆ ನಾನು ರೊಟ್ಟಿ ಬಡಿದು ತೋರಿಸಬೇಕಂತೆ. ಬಡಿದರೆ ಸೊಸೆ, ಬಡಿಯದಿದ್ದರೆ ಇಲ್ಲ.

ಇಂದ್ರವ್ವ

*

ಬೈಲಹೊಂಗಲ
೧೬ ಮಾರ್ಚ್ ೧೯೧೨

ತಂಗೀ,

ನಿನ್ನ ಸಿಟ್ಟು ನ್ಯಾಯವಾದದ್ದು. ಆದರೆ ನನ್ನ ಮಾತನ್ನೂ ಕೇಳು. ಸವದತ್ತಿಯ ಬಜಾರಿನಲ್ಲಿ ನಿಂತು, ಇದು ಸುರೇಬಾನದ ಒಬ್ಬ ಹೆಣ್ಣುಮಗಳು ಬೇವಿನ ಗಿಡಕ್ಕೆ ಕಟ್ಟಿದ್ದು ಎಂದಿದ್ದರೆ ನಿಜಗುಣಪ್ಪನವರು ಆ ಪೀಠದ ಮೇಲೆ ಕೂರುತ್ತಿದ್ದರೇ? ಪೈಲ್ವಾನರು ಕೈ ಕೊಡುತ್ತಿದ್ದರೇ? ಜನ ಹೆಸರು ನೋಡಿ ಮದ್ದು ಕುಡಿಯುತ್ತಾರೆ. ನಾನು ಕದ್ದಿಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೇ.

ಅದೆಲ್ಲ ಆಮೇಲೆ ಮಾತಾಡೋಣ. ಈಗ ನಿನ್ನ ಮನೆ ಉಳಿಯಲಿ. ಹಿರಿಯರ ಮುಂದೆ ಬಡಿದುಬಿಡು. ಒಂದು ರೊಟ್ಟಿ, ಅಷ್ಟೇ ಅಲ್ಲವೇ? ಕೈ ಬಂದಿದೆ, ಗೆದ್ದಿದ್ದೀಯ. ಗೆದ್ದವರು ಕಣದಿಂದ ಸುಮ್ಮನೆ ಇಳಿದು ಬರಬೇಕು.

ಅದೂ ಆಗದಿದ್ದರೆ ಅವ್ವನ ಮನೆ ಇದೆ. ಬೀಗ ಹಾಕಿಟ್ಟಿದ್ದೇನೆ, ನಿನಗಾಗಿ ತೆಗೆಯುತ್ತೇನೆ. ಆದರೆ ಆ ಮಟ್ಟಕ್ಕೆ ಹೋಗಬೇಡ.

ಮಲಕಾಜಪ್ಪ

*

ಸುರೇಬಾನ
೩೧ ಮಾರ್ಚ್ ೧೯೧೨

ಮಲಕಾಜಪ್ಪನಿಗೆ,

ಹಿರಿಯರು ಮೊನ್ನೆ ಕೂಡಿದರು. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಅತ್ತೆ ತಾವೇ ಹಿಟ್ಟು ನಾದಿ, ಪರಾತ ತಂದು ನನ್ನ ಮುಂದೆ ಇಟ್ಟರು. ನಾನು ಬಡಿಯಲಿ ಎಂದು ಅವರಿಗೆ ಆಸೆ ಇತ್ತೋ, ಬಡಿಯದಿರಲಿ ಎಂದಿತ್ತೋ, ಇವತ್ತಿಗೂ ತಿಳಿದಿಲ್ಲ. ಹೊಸ ಸೊಸೆಗೆ ಮತ್ತೆ ಎಲ್ಲ ಕಲಿಸಬೇಕಲ್ಲ, ಅವರಿಗೂ ವಯಸ್ಸಾಗಿದೆ.

ಶಟ್ಟೆಪ್ಪಜ್ಜ ಎಲೆ ಅಡಿಕೆ ಹಾಕಿಕೊಂಡು ಶುರುಮಾಡಿದ. "ನಿಮ್ಮಣ್ಣ ಶಾಣ್ಯಾ ಅದಾನ ಬಿಡವಾ. ಸವದತ್ತಿಯೊಳಗ ಅವನ ಯಂತ್ರದ್ದ ಸುದ್ದಿ. ಅಂಥಾ ಅಣ್ಣ ಇದ್ದಮ್ಯಾಲ ನಿನಗ ಆರಾಮ ಆಗಿರಬೇಕಲ್ಲ. ಬಡಿ, ನೋಡೂನು."

ಅಲ್ಲಿಯವರೆಗೆ ಬಡಿಯಬೇಕೆಂದೇ ಇದ್ದೆ. ನಿಜ ಹೇಳುತ್ತೇನೆ, ನಿನ್ನ ಪತ್ರ ಓದಿ ಮನಸ್ಸು ಮಾಡಿಕೊಂಡಿದ್ದೆ. ಒಂದು ರೊಟ್ಟಿ, ಅಷ್ಟೇ. ಹಿಟ್ಟಿನ ಮುದ್ದೆಯನ್ನೂ ಮುಟ್ಟಿದ್ದೆ. ಇದೇ ಶಟ್ಟೆಪ್ಪಜ್ಜ ದಿನಾ ಆ ಬೇವಿನ ಗಿಡದ ಮುಂದೆಯೇ ಹಾದುಹೋಗುತ್ತಿದ್ದ. ನನ್ನ ಕೈ ಗೇಣು ಗೇಣಾಗಿ ಮೇಲೇರಿದ್ದನ್ನು ಕಣ್ಣಾರೆ ಕಂಡವನು. ಅವನ ಬಾಯಲ್ಲೂ ಅದು ನಿನ್ನದಾಗಿತ್ತು.

ಕೈಯನ್ನು ಹಿಟ್ಟಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಯಾಕವಾ, ಬರವಲ್ದೇನು?"

ನಾನು ಬೆರಳಿಗೆ ಅಂಟಿದ ಹಿಟ್ಟು ಉದುರಿಸಿಕೊಂಡೆ.

"ಬಾಯಿ ಬಿಟ್ಟ ಹೇಳು. ಕೈ ಆರಾಮ ಆಗೇತೋ ಇಲ್ಲೋ?"

"ಕೈ ಯಾರದೈತಿ, ಅವರ್ನ ಕೇಳ್ರಿ ಯಜ್ಜಾ" ಅಂದೆ.

ಅಷ್ಟು ಜನವೂ ಒಟ್ಟಿಗೆ ನನ್ನ ಗಂಡನ ಕಡೆ ತಿರುಗಿದರು. ಹೀಗೆ ತಿರುಗಬೇಕೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಹೆಂಗಸರೂ ತಿರುಗಿದರು. ಬಸವಣ್ಣೆಪ್ಪನವರು ಗಂಟಲು ಸರಿಮಾಡಿಕೊಂಡು ಉತ್ತರ ಕೊಡಲು ಬಾಯಿ ತೆರೆದರು. "ನನ್ನ ಲೆಕ್ಕದಾಗ ಅಂದ್ರ," ಎಂದರು.

ನಾನು ಎದ್ದು ನಿಂತೆ. ಜಾರಿದ್ದ ಸೆರಗನ್ನು ಬಲಗೈಯಿಂದ ಎತ್ತಿ, ತೋಳನ್ನು ಪೂರ್ತಿ ಮೇಲೆ ಚಾಚಿ, ತಲೆಯ ಮೇಲೆ ಹೊದ್ದುಕೊಂಡೆ. ಎಲ್ಲರೂ ನೋಡಿದರು. ಶಟ್ಟೆಪ್ಪಜ್ಜನ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತು. "ಎಲಾ, ಆಗೇತಲ್ಲೋ!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ನಾನು ಹೊಸ್ತಿಲು ದಾಟಿದ್ದೆ. ಹಿಟ್ಟು ಪರಾತದಲ್ಲೇ ಉಳಿಯಿತು.

ಈಗ ಕಾಡವ್ವನ ಮನೆಯಲ್ಲಿದ್ದೇನೆ. ನಿನ್ನೆ ಬಸವಣ್ಣೆಪ್ಪನವರು ಬಾಗಿಲಿಗೆ ಬಂದಿದ್ದರು. "ಆರಾಮ ಆಗೇತಿ ಅಂದಮ್ಯಾಲ ಸಿಟ್ಟ ಯಾಕ? ರಾಮದುರ್ಗದವರಿಗೆ ಬ್ಯಾಡ ಅಂತ ಹೇಳಿ ಕಳಸೇನಿ. ನಡಿ ಮನಿಗೆ" ಅಂದರು. ದೊಡ್ಡ ಮನಸ್ಸು ಮಾಡಿದವರ ದನಿ. ಬಣವೆಯಿಂದ ಬಿದ್ದ ದಿನದಿಂದ ಇವತ್ತಿನವರೆಗೆ, ಕೈ ನೋಯುತ್ತದೆಯೇ ಎಂದು ಅವರು ಒಂದು ಸಲವೂ ಕೇಳಿದವರಲ್ಲ. ನಿನ್ನೆಯೂ ಕೇಳಲಿಲ್ಲ.

"ಯಾಕ ಬ್ಯಾಡ ಅಂದ್ರಿ?" ಅಂದೆ. "ಆ ಹುಡಿಗೀಗೂ ಎರಡ ಕೈ ಅದಾವಂತ. ಕರಕೊಂಡ ಬರ್ರಿ."

ಕಾಡವ್ವ ಒಳಗಿನಿಂದ, "ನೋಡಿಕೊಂಡ ತರ್ರಿ ಮತ್ತ, ಇನ್ನೊಂದ ಜೋಡಿ ಎಕ್ಸ್ಟ್ರಾ ಇದ್ರ ಭೇಷ" ಎಂದಳು. ಆ ಎಕ್ಸ್ಟ್ರಾ ಶಬ್ದವನ್ನು ಅವಳು ರಾಮದುರ್ಗದ ಟಪಾಲು ಕಚೇರಿಯಲ್ಲಿ ಕಲಿತಿದ್ದಾಳೆ. ಬಸವಣ್ಣೆಪ್ಪನವರು ತಿರುಗಿ ಹೋದರು.

ಬೇವಿನ ಗಿಡ ಅವರ ಅಂಗಳದ್ದು, ಆದ್ದರಿಂದ ರಾಟೆ ಈಗ ಕಾಡವ್ವನ ಹಿತ್ತಲಿಗೆ ಬಂದಿದೆ. ಹೆಂಗಸರು ಬರುತ್ತಾರೆ. ಹೆರಿಗೆಯ ನಂತರ ತೋಳು ಸೋತವರು, ಕಟ್ಟಿಗೆ ಹೊತ್ತು ಭುಜ ಹಿಡಿದವರು. ಮೊದಲು ನಾನು ಅವರ ಕೀಲನ್ನು ಬೆಚ್ಚಗಿನ ಎಣ್ಣೆಯಲ್ಲಿ ತಿಕ್ಕುತ್ತೇನೆ, ಆಮೇಲೆ ಹಗ್ಗ ಕೊಡುತ್ತೇನೆ. ಒಬ್ಬೊಬ್ಬರಿಗೂ ನೋವು ಹುಟ್ಟುವ ಜಾಗ ಬೇರೆ. ಅದನ್ನು ಕೈಯಿಂದಲೇ ತಿಳಿಯಬೇಕು, ದೂರ ನಿಂತು ತಿಳಿಯುವುದಲ್ಲ.

ಅವ್ವನ ಮನೆಯ ಬೀಗ ತೆಗೆಯುತ್ತೇನೆ ಎಂದು ಬರೆದಿದ್ದೀಯ. ಬೈಲಹೊಂಗಲ ದೊಡ್ಡ ಊರು, ಅಲ್ಲಿ ನೋಯುವ ಹೆಂಗಸರು ಇನ್ನೂ ಹೆಚ್ಚು. ಬರಲು ನನಗೂ ಮನಸ್ಸಿದೆ. ಆದರೆ ನೀನು ಮೊದಲು ಸವದತ್ತಿಗೆ ಹೋಗಬೇಕು. ಹಲಗೆ ಬಾರಿಸಿದ ಅದೇ ಬಜಾರಿನಲ್ಲಿ ನಿಂತು, ಇದು ಯಾರ ಕೈಯಿಂದ ಬಂತು ಎಂದು ಹೆಸರು ಹಿಡಿದು ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು. ಆಮೇಲೆ ಪೀಠದ ಮೇಲೆ ಯಾರೂ ಕೂರದಿದ್ದರೆ ಕೂರದಿರಲಿ, ಅವರ ಭುಜ ಅವರಿಗೆ.

ಹೇಳಿದೆ ಎಂದು ನೀನು ಬರೆದರೆ ನಾನು ನಂಬುವುದಿಲ್ಲ. ಶಂಕ್ರೆಪ್ಪ ಬಂದು ಹೇಳಲಿ. ಅಲ್ಲಿಯವರೆಗೆ ನನ್ನ ವಿಳಾಸ ಇದೇ: ಇಂದ್ರವ್ವ, ಕಾಡವ್ವನ ಹಿತ್ತಲು, ಸುರೇಬಾನ. ಗಂಡನ ಹೆಸರು ಬರೆಯಬೇಡ, ನಿನ್ನ ಹೆಸರೂ ಬೇಡ. ಟಪಾಲಿನವನಿಗೆ ಅಷ್ಟರಿಂದಲೇ ತಿಳಿಯುತ್ತದೆ.

ಇಂದ್ರವ್ವ